ಬೆಳಕು ಬಂತು, ಸಂದೇಶ ಬರಲಿಲ್ಲ: ವೆರೋ ಕೋಶಗಳಲ್ಲಿ ಪಿ300 ಹುಡುಕಿದ ಒಂದು ಪ್ರಕರಣ

ಶಿರಸಿಯ ಒಂದು ಸ್ನಾತಕೋತ್ತರ ಪ್ರಯೋಗಾಲಯ, ಜುಲೈ ತಿಂಗಳು. ಒಂದೇ ಬಗೆಯ ಕೋಶಗಳಿಗೆ ಒಂದೇ ಪ್ರಚೋದನೆ ಕೊಟ್ಟು ಮೂರು ಪರೀಕ್ಷೆ ಮಾಡಿದರೆ ಮೂರೂ ಬೇರೆ ಬೇರೆ ಮಾತು ಹೇಳಿದವು. ಪ್ರೊಮೋಟರ್, ಅಂದರೆ ಜೀನನ್ನು ಶುರು ಮಾಡುವ ಡಿಎನ್‌ಎ ಭಾಗ, ಚುರುಕಾದಷ್ಟೂ ಬೆಳಕು ಕೊಡುವ ಲುಸಿಫೆರೇಸ್ ಪರೀಕ್ಷೆಯ ಪ್ರಕಾರ ಇಂಟರ್‌ಫೆರಾನ್-ಬೀಟಾ ಪ್ರೊಮೋಟರ್ ಇಪ್ಪತ್ತು ಪಟ್ಟು ಚುರುಕಾಗಿತ್ತು. ಡಿಎನ್‌ಎಯ ಮೇಲೆ ಯಾವ ಪ್ರೋಟೀನು ಕೂತಿದೆ ಎಂದು ಪ್ರತಿಕಾಯದಿಂದ ಹಿಡಿದು ನೋಡುವ ಕ್ರೊಮಾಟಿನ್ ಇಮ್ಯುನೊಪ್ರೆಸಿಪಿಟೇಶನ್, ಅಂದರೆ ಚಿಪ್, ಅದೇ ಪ್ರೊಮೋಟರಿನ ಮೇಲೆ ಪಿ300 ಎಂಬ ಕೋಆಕ್ಟಿವೇಟರ್ (ಜೀನ್ ಎಬ್ಬಿಸಲು ನೆರವಾಗುವ ಪ್ರೋಟೀನು) ಬಂದು ಕೂತಿದೆ ಎಂದಿತು. ಜೀನಿನಿಂದ ನಕಲಾದ ಸಂದೇಶವಾದ ಎಂಆರ್‌ಎನ್‌ಎಯನ್ನು ಸುತ್ತು ಸುತ್ತಾಗಿ ಹೆಚ್ಚಿಸಿ ಅಳೆಯುವ ಆರ್‌ಟಿ-ಪಿಸಿಆರ್‌ನಲ್ಲಿ ಮಾತ್ರ ಇಂಟರ್‌ಫೆರಾನ್-ಬೀಟಾದ್ದು ತೀರಾ ಸೊನ್ನೆ. ನಲವತ್ತು ಸುತ್ತು ಮುಗಿದರೂ ಗೆರೆ ನೆಲ ಬಿಟ್ಟು ಏಳಲಿಲ್ಲ.

ಡಿಎನ್‌ಎಗೆ ಅಂಟಿ ಜೀನ್ ಎಬ್ಬಿಸುವ ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರ್ ಬಂದಿದೆ, ಅದು ಕರೆದ ಕೋಆಕ್ಟಿವೇಟರೂ ಬಂದಿದೆ, ಆದರೂ ಜೀನ್ ಓದಿಸಿಕೊಳ್ಳುತ್ತಿಲ್ಲ. ಇಂಥ ಫಲಿತಾಂಶ ಕೈಗೆ ಸಿಕ್ಕರೆ ಅದರ ಮೇಲೆ ಪ್ರಬಂಧವನ್ನೇ ಕಟ್ಟಬಹುದು ಅನ್ನಿಸುವುದು ಸಹಜ, ತಂಡ ಕಟ್ಟಲು ಹೊರಟಿದ್ದೂ ಹೌದು. ಆರು ವಾರದ ನಂತರ ಸಿಕ್ಕ ಕಾರಣ ಬಹಳ ಸರಳವಾಗಿತ್ತು. ಆ ಆರು ವಾರದಲ್ಲಿ ಎಲ್ಲೆಲ್ಲಿ ದಾರಿ ತಪ್ಪಿತು ಎಂಬುದನ್ನು ಇಲ್ಲಿ ಬಿಡದೆ ದಾಖಲಿಸಿದೆ. ಕೋಶ ಸಾಕಣೆಯನ್ನು ಹೊಸದಾಗಿ ಶುರು ಮಾಡಿದ ಯಾವ ಪ್ರಯೋಗಾಲಯವೂ ಇದೇ ಹೊಂಡಕ್ಕೆ ಬೀಳಬಹುದು.

ಪ್ರಶ್ನೆ ಎಲ್ಲಿಂದ ಬಂತು

ಈ ಭಾಗದಲ್ಲಿ ಪ್ರಶ್ನೆಯನ್ನು ಹುಡುಕಿಕೊಂಡು ಹೋಗಬೇಕಿಲ್ಲ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಸಿದ್ದಾಪುರ, ಹೊನ್ನಾವರದ ಕಡೆಗೂ ಹಬ್ಬಿದೆ. ಸುಮಾರು ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ಕಾಲ. ಅಡಿಕೆ ತೋಟಕ್ಕೆ ಸೊಪ್ಪು, ದರಕು ತರಲು ಸೊಪ್ಪಿನ ಬೆಟ್ಟಕ್ಕೆ ಹೋದವರ ಮೈಗೆ ಉಣುಗು ಹತ್ತುತ್ತದೆ, ಉಣುಗಿನಿಂದ ವೈರಾಣು ಹತ್ತುತ್ತದೆ. ವೈರಾಣು ಹೊಕ್ಕ ಕೋಶ ತನ್ನನ್ನೂ ನೆರೆಯ ಕೋಶಗಳನ್ನೂ ಎಚ್ಚರಿಸಲು ಮೊದಲು ಎಬ್ಬಿಸುವ ಜೀನ್‌ಗಳಲ್ಲಿ ಇಂಟರ್‌ಫೆರಾನ್-ಬೀಟಾ ಮುಖ್ಯವಾದದ್ದು. ಆ ಜೀನ್ ಹೇಗೆ ಏಳುತ್ತದೆ, ಅದನ್ನು ಎಬ್ಬಿಸುವಲ್ಲಿ ಕೋಆಕ್ಟಿವೇಟರುಗಳ ಪಾಲೇನು ಎಂದು ವಿದ್ಯಾರ್ಥಿಗಳು ಕೈಯಾರೆ ಮಾಡಿ ನೋಡಲಿ ಎಂಬುದು ಯೋಜನೆ.

ಮಂಗನ ಕಾಯಿಲೆಯ ಜೀವಂತ ವೈರಾಣುವನ್ನು ಇಂಥ ಪ್ರಯೋಗಾಲಯದಲ್ಲಿ ಮುಟ್ಟುವ ಮಾತೇ ಇಲ್ಲ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿರುವಂಥ ಅತಿ ಬಿಗಿ ಸುರಕ್ಷತೆಯ ಕೊಠಡಿ ಅದಕ್ಕೆ ಬೇಕು. ಹಾಗಾಗಿ ವೈರಾಣುವಿನ ಬದಲು ಅದರ ವೇಷ ಹಾಕುವ ಪಾಲಿ ಐಸಿಯನ್ನು ಬಳಸಲಾಯಿತು. ಇದು ಕೃತಕವಾಗಿ ಮಾಡಿದ ಎರಡೆಳೆಯ ಆರ್‌ಎನ್‌ಎ, ಸೋಂಕು ಹರಡುವುದಿಲ್ಲ. ಕೋಶವಾಗಿ ಆರಿಸಿದ್ದು ವೆರೋ, ಆಫ್ರಿಕದ ಹಸಿರು ಮಂಗನ ಮೂತ್ರಪಿಂಡದಿಂದ ಬಂದ ಸಂತತಿ. ವೈರಾಣು ಬೆಳೆಸುವವರೆಲ್ಲ ವೆರೋ ಬಳಸುತ್ತಾರೆ, ಸುಲಭವಾಗಿ ಬೆಳೆಯುತ್ತದೆ, ಬೇರೆ ಕೆಲಸಕ್ಕೆ ತಂದ ಸೀಸೆಗಳು ಡಬ್ಬಿಯಲ್ಲಿದ್ದವು. ಆಯ್ಕೆಗೆ ಇಷ್ಟೇ ಕಾರಣ.

ಕರೆಯುವವರು, ಬರುವವರು

ತಂಡ ಏನನ್ನು ನಿರೀಕ್ಷಿಸಿತ್ತು ಎಂಬುದು ಗೊತ್ತಿಲ್ಲದೆ ಪ್ರಕರಣದ ಗೊಂದಲ ಅರ್ಥವಾಗುವುದಿಲ್ಲ.

ಕೋಶದ್ರವದಲ್ಲಿ ಎರಡೆಳೆಯ ಆರ್‌ಎನ್‌ಎ ಕಂಡರೆ ರಿಗ್-ಐ, ಎಂಡಿಎ5 ಎಂಬ ಪ್ರೋಟೀನುಗಳು ಗುರುತು ಹಿಡಿಯುತ್ತವೆ. ಸುದ್ದಿ ಮೈಟೊಕಾಂಡ್ರಿಯದ ಹೊರಪೊರೆಯ ಮ್ಯಾವ್ಸ್ ಎಂಬ ಪ್ರೋಟೀನಿಗೆ, ಅಲ್ಲಿಂದ ಟಿಬಿಕೆ1 ಎಂಬ ಕೈನೇಸ್‌ಗೆ ದಾಟುತ್ತದೆ. ಅದು ಐಆರ್‌ಎಫ್3 ಎಂಬ ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರಿನ ಬಾಲದ ಕಡೆಯ ಸೆರೀನ್‌ಗಳಿಗೆ ಫಾಸ್ಫೇಟ್ ಅಂಟಿಸುತ್ತದೆ. ಅಲ್ಲಿಯವರೆಗೆ ಮಡಚಿಕೊಂಡಿದ್ದ ಐಆರ್‌ಎಫ್3 ಬಿಚ್ಚಿಕೊಂಡು ಜೋಡಿಯಾಗುತ್ತದೆ. ಬಿಚ್ಚಿಕೊಂಡಾಗ ಹೊರಬೀಳುವ ಮೈಯೇ ಸಿಬಿಪಿ ಮತ್ತು ಪಿ300 ಎಂಬ ಕೋಆಕ್ಟಿವೇಟರುಗಳನ್ನು ಹಿಡಿಯುವ ಜಾಗ. ಅಂದರೆ ಸಹಾಯಕನನ್ನು ಕರೆಯುವ ಸಾಮರ್ಥ್ಯವೇ ಫಾಸ್ಫೇಟಿನ ಬೀಗದ ಹಿಂದೆ ಇದೆ. ಇಡೀ ವ್ಯವಸ್ಥೆಯ ಜಾಣತನ ಇರುವುದು ಇಲ್ಲಿ.

ಜೀನ್ ಶುರುವಾಗುವ ಜಾಗದಿಂದ ಹಿಂದಕ್ಕೆ ಸುಮಾರು 50ರಿಂದ 100 ಬೇಸ್‌ಗಳ ನಡುವೆ, ಹೆಚ್ಚುಕಡಿಮೆ 55 ಬೇಸ್ ಜೋಡಿಗಳ ಒಂದು ಎನ್‌ಹ್ಯಾನ್ಸರ್, ಅಂದರೆ ಜೀನನ್ನು ಚುರುಕಾಗಿಸುವ ತುಂಡು, ಇದೆ. ಅಷ್ಟು ಗಿಡ್ಡ ತುಂಡಿನ ಮೇಲೆ ಎಂಟು ಪ್ರೋಟೀನುಗಳು ಕೂರುತ್ತವೆ: ಎಟಿಎಫ್2 ಮತ್ತು ಸಿ-ಜುನ್ ಒಂದು ಜೋಡಿ, ಐಆರ್‌ಎಫ್‌ಗಳು ನಾಲ್ಕು, ಎನ್‌ಎಫ್-ಕಪ್ಪಾ-ಬಿಯ ಪಿ50 ಮತ್ತು ರೆಲ್‌ಎ ಇನ್ನೊಂದು ಜೋಡಿ. ಆ ಅಕ್ಷರಗಳನ್ನು ಓದುತ್ತ ಹೋದರೆ ಐಆರ್‌ಎಫ್‌ಗೆ ಬೇಕಾದ ಜಿಎಎಎ ಮತ್ತೆ ಮತ್ತೆ ಬರುವುದೂ, ಅದರ ಮಗ್ಗುಲಲ್ಲೇ ಎನ್‌ಎಫ್-ಕಪ್ಪಾ-ಬಿಗೆ ಬೇಕಾದ ಜಿಜಿಜಿಎಎಎಟಿಟಿಸಿಸಿ ಇರುವುದೂ ಕಣ್ಣಿಗೇ ಕಾಣುತ್ತದೆ. ಪ್ಯಾನ್, ಮ್ಯಾನಿಯಾಟಿಸ್ ಮತ್ತು ಹ್ಯಾರಿಸನ್ 2007ರಲ್ಲಿ ಇದರ ಪರಮಾಣು ಮಟ್ಟದ ಚಿತ್ರ ಕೊಟ್ಟರು. ಅದರಲ್ಲಿ ಎಂಟೂ ಪ್ರೋಟೀನುಗಳು ಒತ್ತೊತ್ತಾಗಿ ಕೂತಿದ್ದರೂ ಒಂದನ್ನೊಂದು ನೇರವಾಗಿ ಹಿಡಿದುಕೊಂಡಿರುವುದು ಬಹಳ ಕಡಿಮೆ. ಅವನ್ನು ಒಟ್ಟಾಗಿ ನಿಲ್ಲಿಸುವುದು ಡಿಎನ್‌ಎಯ ಬಾಗುವಿಕೆ ಮತ್ತು ಮೇಲಿನಿಂದ ಎಲ್ಲರನ್ನೂ ಒಟ್ಟಿಗೆ ಹಿಡಿಯುವ ಸಿಬಿಪಿ ಅಥವಾ ಪಿ300.

ಸಿಬಿಪಿ 1993ರಲ್ಲಿ, ಪಿ300 1994ರಲ್ಲಿ ಬೆಳಕಿಗೆ ಬಂದ ಪ್ರೋಟೀನುಗಳು. ಒಂದೊಂದೂ ಸುಮಾರು 2,400 ಅಮೈನೊ ಆಮ್ಲಗಳಷ್ಟು ದೊಡ್ಡದು, ಎರಡೂ ಅಣ್ಣ-ತಮ್ಮಂದಿರ ಹಾಗೆ. ಡಿಎನ್‌ಎಯ ಅಕ್ಷರ ಓದಿ ಹಿಡಿಯುವ ಶಕ್ತಿ ಇವಕ್ಕಿಲ್ಲ. ಬೇರೆಯವರನ್ನು ಹಿಡಿಯುವ ಕೈಗಳು ಮಾತ್ರ ಬೇಕಾದಷ್ಟಿವೆ: ಟ್ಯಾಜ್1 ಎಂಬ ಭಾಗ ರೆಲ್‌ಎಯನ್ನು ಹಿಡಿಯುತ್ತದೆ, ಕಿಕ್ಸ್ ಎಂಬುದು ಕ್ರೆಬ್ ಎಂಬ ಫ್ಯಾಕ್ಟರನ್ನು, ಬಾಲದ ಕಡೆಯ ಎನ್‌ಸಿಬಿಡಿ ಐಆರ್‌ಎಫ್3ನ್ನು. ನಡುವೆ, ಡಿಎನ್‌ಎ ಸುತ್ತಿಕೊಳ್ಳುವ ಹಿಸ್ಟೋನ್ ಪ್ರೋಟೀನುಗಳಿಗೆ ಅಸಿಟೈಲ್ ಎಂಬ ರಾಸಾಯನಿಕ ಗುರುತು ಅಂಟಿಸುವ ಕಿಣ್ವಭಾಗ. ಆ ಗುಣ ಗೊತ್ತಾದದ್ದು 1996ರಲ್ಲಿ. ಕೊನೆಕೊಯ್ಲಿನಲ್ಲಿ ಮರ ಹತ್ತಿದವನೊಬ್ಬನಿಂದ ಕೆಲಸ ಮುಗಿಯುವುದಿಲ್ಲ, ಕೆಳಗೆ ಹಗ್ಗ ಹಿಡಿದು ಗೊನೆ ಇಳಿಸಿಕೊಳ್ಳುವವರು ಬೇಕು. ಫ್ಯಾಕ್ಟರ್ ಮರ ಹತ್ತಿದವ, ಕೋಆಕ್ಟಿವೇಟರ್ ಕೆಳಗಿನವ. ಇವುಗಳ ಪ್ರಮಾಣವೂ ಕೋಶದಲ್ಲಿ ಅಳತೆಯಲ್ಲೇ ಇರುತ್ತದೆ. ಸಿಬಿಪಿ ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಸಾಕು, ಮಗು ರೂಬಿನ್‌ಸ್ಟೈನ್-ಟೈಬಿ ಸಿಂಡ್ರೋಮ್ ಎಂಬ ಬೆಳವಣಿಗೆಯ ತೊಂದರೆಯೊಂದಿಗೆ ಹುಟ್ಟುತ್ತದೆ.

ಯಾರು ಮೊದಲು, ಯಾರು ನಂತರ ಎಂಬುದನ್ನು ಥಾನೋಸ್ ಅವರ ಪ್ರಯೋಗಾಲಯ 2000ದಲ್ಲಿ ತೋರಿಸಿತು. ಎನ್‌ಹ್ಯಾನ್ಸರ್ ಭಾಗ ಬರಿದಾಗಿರುತ್ತದೆ. ಜೀನ್ ಶುರುವಾಗುವ ಜಾಗದ ಮೇಲೆ ಮಾತ್ರ ಒಂದು ನ್ಯೂಕ್ಲಿಯೋಸೋಮ್, ಅಂದರೆ ಹಿಸ್ಟೋನ್‌ಗಳಿಗೆ ಸುತ್ತಿದ ಡಿಎನ್‌ಎಯ ಉಂಡೆ, ಅಡ್ಡ ಕೂತಿರುತ್ತದೆ. ಫ್ಯಾಕ್ಟರುಗಳು ನೆರೆದ ಮೇಲೆ ಮೊದಲು ಜಿಸಿಎನ್5 ಎಂಬ ಕಿಣ್ವ ಬಂದು ಆ ನ್ಯೂಕ್ಲಿಯೋಸೋಮಿಗೆ ಅಸಿಟೈಲ್ ಹಚ್ಚುತ್ತದೆ. ಬಳಿಕ ಸಿಬಿಪಿ, ಜೀನ್ ಓದುವ ಆರ್‌ಎನ್‌ಎ ಪಾಲಿಮರೇಸನ್ನು ಜತೆಯಲ್ಲೇ ಕರೆದುಕೊಂಡು. ಅದರ ಬೆನ್ನಿಗೆ ಸ್ವಿ-ಸ್ನಿಫ್ ಎಂಬ ಪ್ರೋಟೀನು ಗುಂಪು ಬಂದು ನ್ಯೂಕ್ಲಿಯೋಸೋಮನ್ನು ಸಡಿಲಿಸುತ್ತದೆ. ಕಡೆಗೆ ಟಿಎಫ್‌ಐಐಡಿ ಎಂಬ ಇನ್ನೊಂದು ಗುಂಪು ಕೂತಾಗ ನ್ಯೂಕ್ಲಿಯೋಸೋಮ್ ಮುಂದಕ್ಕೆ ಜಾರಿ ದಾರಿ ತೆರವಾಗುತ್ತದೆ.

ತಂಡದ ಊಹೆ ಹುಟ್ಟಿದ್ದು ಈ ಕಡೆಯ ಭಾಗದಿಂದಲೇ.

ಏನು ಮಾಡಿದರು

24 ಗುಳಿಯ ತಟ್ಟೆಯಲ್ಲಿ ಗುಳಿಗೊಂದು ಲಕ್ಷ ವೆರೋ ಕೋಶ. ಮರುದಿನ ಮನುಷ್ಯರ ಇಂಟರ್‌ಫೆರಾನ್-ಬೀಟಾ ಪ್ರೊಮೋಟರಿನ −125ರಿಂದ (ಜೀನ್ ಶುರುವಾಗುವ ಜಾಗಕ್ಕಿಂತ 125 ಬೇಸ್ ಹಿಂದಿನಿಂದ) ಈಚಿನ ಭಾಗವನ್ನು ಮಿಂಚುಹುಳದ ಲುಸಿಫೆರೇಸ್ ಮುಂದೆ ಇಟ್ಟ ಪ್ಲಾಸ್ಮಿಡ್ (ಕೋಶಕ್ಕೆ ಹೊರಗಿನಿಂದ ಕಳಿಸುವ ಡಿಎನ್‌ಎ ಉಂಗುರ) 100 ನ್ಯಾನೊಗ್ರಾಂ, ಲೆಕ್ಕ ಸರಿದೂಗಿಸಲು ರೆನಿಲ್ಲ ಲುಸಿಫೆರೇಸ್ ಪ್ಲಾಸ್ಮಿಡ್ 10 ನ್ಯಾನೊಗ್ರಾಂ. 24 ಗಂಟೆ ಬಿಟ್ಟು ಪಾಲಿ ಐಸಿ ಮಿಲಿಲೀಟರಿಗೆ 1 ಮೈಕ್ರೋಗ್ರಾಂ. ಅದನ್ನು ಮಾಧ್ಯಮಕ್ಕೆ ಸುಮ್ಮನೆ ಸುರಿಯದೆ ಲಿಪಿಡ್ ಕಾರಕದೊಂದಿಗೆ ಕೋಶದೊಳಗೆ ಕಳಿಸಲಾಯಿತು. ಬರಿದೇ ಸುರಿದರೆ ಅದು ಎಂಡೋಸೋಮಿನಲ್ಲಿ ಉಳಿದು, ರಿಗ್-ಐ ಇರುವ ಕೋಶದ್ರವಕ್ಕೆ ಮುಟ್ಟುವುದಿಲ್ಲ. 16 ಗಂಟೆಯ ನಂತರ ಕೋಶ ಒಡೆದು ಬೆಳಕು ಅಳೆದಾಗ ಇಪ್ಪತ್ತು ಪಟ್ಟು ಏರಿಕೆ.

ಅದೇ ಅಳತೆಯಲ್ಲಿ ಬೇರೆ ಗುಳಿಗಳಿಂದ ಆರ್‌ಎನ್‌ಎ ತೆಗೆದು, ಉಳಿದ ಡಿಎನ್‌ಎಯನ್ನು ಕತ್ತರಿಸುವ ಡಿಎನ್‌ಏಸ್ ಕೊಟ್ಟು, 1 ಮೈಕ್ರೋಗ್ರಾಂನಿಂದ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಕಿಣ್ವದ ನೆರವಿನಿಂದ ಸಿಡಿಎನ್‌ಎ (ಆರ್‌ಎನ್‌ಎಯ ಡಿಎನ್‌ಎ ನಕಲು) ಮಾಡಿ, ಕೋವಿಡ್ ಕಾಲದಿಂದ ಎಲ್ಲ ಕಡೆ ಪರಿಚಿತವಾದ ಅದೇ ಬಗೆಯ ಯಂತ್ರದಲ್ಲಿ ಹಾಕಲಾಯಿತು. ಬೀಟಾ-ಆಕ್ಟಿನ್ 17ನೇ ಸುತ್ತಿಗೆ ಏರಿತು. ಇಂಟರ್‌ಫೆರಾನ್-ಬೀಟಾ ಏರಲೇ ಇಲ್ಲ.

ಡಿಎನ್‌ಏಸ್ ಹಂತವನ್ನು ಯಾರೂ ಬಿಡಬಾರದು. ಇಂಟರ್‌ಫೆರಾನ್-ಬೀಟಾ ಜೀನಿನಲ್ಲಿ ಇಂಟ್ರಾನ್, ಅಂದರೆ ಎಂಆರ್‌ಎನ್‌ಎ ಆಗುವಾಗ ಕತ್ತರಿಸಿ ಬಿಡುವ ತುಂಡು, ಇಲ್ಲ. ಹೆಚ್ಚಿನ ಜೀನ್‌ಗಳಲ್ಲಿ ಉಳಿಯುವ ತುಂಡುಗಳಾದ ಎರಡು ಎಕ್ಸಾನ್‌ಗಳ ಸಂದಿನಲ್ಲಿ ಪ್ರೈಮರ್ (ಪಿಸಿಆರ್ ನಕಲು ಶುರುವಾಗುವ ಗಿಡ್ಡ ಡಿಎನ್‌ಎ ತುಣುಕು) ಇಟ್ಟು ಜೀನೋಮಿನ ಡಿಎನ್‌ಎಯನ್ನು ದೂರ ಇಡಬಹುದು, ಇಲ್ಲಿ ಅದು ನಡೆಯುವುದಿಲ್ಲ. ಚೂರು ಡಿಎನ್‌ಎ ಉಳಿದರೂ ಎಂಆರ್‌ಎನ್‌ಎ ಬಂದ ಹಾಗೆ ಕಾಣುತ್ತದೆ. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಹಾಕದ ಒಂದು ಗುಳಿ ಪ್ರತಿ ಮಾದರಿಗೂ ಇರಲೇಬೇಕು. ಇದೇ ವಿಚಿತ್ರ ಗುಣ ಮುಂದೆ ಪ್ರಕರಣವನ್ನು ಬಿಡಿಸಿತು.

ಸಂಶಯ ಹೋದ ದಾರಿ

ಮೊದಲ ಸಂಶಯ ಪ್ರೈಮರಿನ ಮೇಲೆ. ಕೋಶ ಮಂಗನದು, ಪ್ರೈಮರ್ ಮನುಷ್ಯರದು. ಮಂಗಗಳ ಅನುಕ್ರಮಕ್ಕೂ ಹೊಂದುವ ಹೊಸ ಜೋಡಿ ತರಿಸಿದರು, ಆಗಲೂ ಸೊನ್ನೆ. ಆರ್‌ಎನ್‌ಎ ಹಾಳಾಗಿದೆಯೇ ಎಂದರೆ ಆಕ್ಟಿನ್ ಸರಿಯಾಗಿತ್ತು. ಸಮಯ ತಪ್ಪಿತೇ ಎಂದು 2, 4, 6, 8, 12, 24 ಗಂಟೆಗಳಲ್ಲೂ ನೋಡಿದ್ದಾಯಿತು.

ಆಗ ಬಂದದ್ದು ಕ್ರೊಮಾಟಿನ್ (ಹಿಸ್ಟೋನ್‌ಗಳಿಗೆ ಸುತ್ತಿಕೊಂಡ ಡಿಎನ್‌ಎ) ಊಹೆ. ಹೊರಗಿನಿಂದ ಕಳಿಸಿದ ಪ್ಲಾಸ್ಮಿಡ್ ಮೇಲೆ ನ್ಯೂಕ್ಲಿಯೋಸೋಮುಗಳು ಅರೆಬರೆಯಾಗಿ ಕೂರುತ್ತವೆ, ಜೀನೋಮಿನಲ್ಲಿದ್ದ ಹಾಗೆ ಗಟ್ಟಿ ಮುಚ್ಚಳ ಇರುವುದಿಲ್ಲ. ಹಾಗಿದ್ದರೆ ಪ್ಲಾಸ್ಮಿಡ್ ಸುಲಭವಾಗಿ ಏಳುತ್ತದೆ, ನಿಜವಾದ ಜೀನ್ ಏಳಲು ಪಿ300 ಅಸಿಟೈಲ್ ಹಚ್ಚಬೇಕು, ವೆರೋದಲ್ಲಿ ಆ ಹಂತ ಕೈಕೊಟ್ಟಿರಬೇಕು ಎಂದು ವಾದ. ಈ ವಾದಕ್ಕೆ ಬುಡವಿಲ್ಲ ಎನ್ನುವಂತಿಲ್ಲ. ಕ್ರಾಸ್ ಮತ್ತು ಕಡೊನಾಗಾ 1998ರಲ್ಲೇ ಈಸ್ಟ್ರೋಜೆನ್ ರಿಸೆಪ್ಟರಿನ ವಿಷಯದಲ್ಲಿ, ಪಿ300ರ ನೆರವು ಕ್ರೊಮಾಟಿನ್ ಮೇಲೆ ಮಾತ್ರ ಕಾಣುತ್ತದೆ, ಬರಿಯ ಡಿಎನ್‌ಎ ಮೇಲಲ್ಲ ಎಂದು ತೋರಿಸಿದ್ದರು. ಒಳ್ಳೆಯ ಊಹೆಯೇ ತಂಡವನ್ನು ಹೆಚ್ಚು ದೂರ ಒಯ್ದದ್ದು.

ಪರೀಕ್ಷಿಸಲು ಪಿ300 ತಯಾರಿಸುವ ಪ್ಲಾಸ್ಮಿಡನ್ನು 50, 100, 200 ನ್ಯಾನೊಗ್ರಾಂ ಸೇರಿಸಿದರು. 100ಕ್ಕೆ ಬೆಳಕು ಒಂದೂವರೆ ಪಟ್ಟಾಯಿತು, 200ಕ್ಕೆ ಮೊದಲಿಗಿಂತ ಕೆಳಗಿಳಿಯಿತು. ಎಂಆರ್‌ಎನ್‌ಎ ಮಿಸುಕಲಿಲ್ಲ. ಇಲ್ಲಿ ಎರಡು ತಪ್ಪು ಸೇರಿಕೊಂಡಿದ್ದವು. ಪಿ300 ಪ್ಲಾಸ್ಮಿಡಿನ ಸಿಎಂವಿ ಪ್ರೊಮೋಟರ್ (ಸೈಟೊಮೆಗಲೊ ವೈರಾಣುವಿನಿಂದ ತಂದದ್ದು) ತಾನೇ ಕೋಶದ ಫ್ಯಾಕ್ಟರು, ಕೋಆಕ್ಟಿವೇಟರುಗಳನ್ನು ಎಳೆದುಕೊಳ್ಳುತ್ತದೆ. ಅದನ್ನು ಹೆಚ್ಚಿಸಿದಷ್ಟೂ ಪಕ್ಕದ ಪ್ರೊಮೋಟರಿಗೆ ಕೊರತೆ. ಪಿ300 ಇಲ್ಲದ ಖಾಲಿ ಸಿಎಂವಿ ಪ್ಲಾಸ್ಮಿಡ್ ಸೇರಿಸಿ ಎಲ್ಲ ಗುಳಿಗೂ ಒಟ್ಟು ಪ್ರಮಾಣ ಒಂದೇ ಇಡಬೇಕಿತ್ತು. ಎರಡನೆಯದಾಗಿ, ಪಿ300 ಬಹುತೇಕ ಎಲ್ಲರ ಕೆಲಸಕ್ಕೂ ಹೋಗುವ ಪ್ರೋಟೀನು, ಅಳತೆಗೋಲಾಗಿ ಇಟ್ಟ ರೆನಿಲ್ಲ ಪ್ರೊಮೋಟರನ್ನೂ ಅದು ಏರಿಸುತ್ತದೆ. ಅಳತೆಗೋಲೇ ಉದ್ದವಾದರೆ ಭಾಗಿಸಿ ಬಂದ ಸಂಖ್ಯೆಗೆ ಅರ್ಥವಿಲ್ಲ. ಕೋಆಕ್ಟಿವೇಟರ್ ಪ್ರಯೋಗದಲ್ಲಿ ರೆನಿಲ್ಲದ ಹಸಿ ಅಂಕಿಗಳನ್ನು ಪ್ರತ್ಯೇಕ ಬರೆದಿಡದವರ ಫಲಿತಾಂಶವನ್ನು ನಾವು ನಂಬುವುದಿಲ್ಲ.

ಚಿಪ್: ಸರಿಯಾಗಿ ಮಾಡಿದ ತಪ್ಪು ಪ್ರಯೋಗ

ಮುಂದಿನ ಹಂತ ಪಿ300 ನಿಜಕ್ಕೂ ಪ್ರೊಮೋಟರ್ ಮೇಲೆ ಬರುತ್ತದೆಯೇ ನೋಡುವುದು. 10 ಸೆಂಟಿಮೀಟರ್ ತಟ್ಟೆಗೆ ಸುಮಾರು ಒಂದು ಕೋಟಿ ಕೋಶ. ಲುಸಿಫೆರೇಸ್ ಪ್ರಯೋಗಕ್ಕೆ ಹೋಲಿಕೆಯಾಗಲಿ ಎಂದು ಆ ತಟ್ಟೆಗಳಿಗೂ ಅದೇ ಪ್ಲಾಸ್ಮಿಡ್ 5 ಮೈಕ್ರೋಗ್ರಾಂ ಹಾಕಿದರು. ಪ್ರಕರಣದ ಗಂಟು ಬಿದ್ದದ್ದು ಈ ಒಂದು ತೀರ್ಮಾನದಲ್ಲಿ.

ಮೊದಲ ಸಲ ಫಾರ್ಮಾಲ್ಡಿಹೈಡ್ ಒಂದನ್ನೇ ಬಳಸಿದಾಗ ಏನೂ ಸಿಗಲಿಲ್ಲ. ಅದು ನಿರೀಕ್ಷಿತವೇ. ಫಾರ್ಮಾಲ್ಡಿಹೈಡ್ ಕಟ್ಟುವ ಸೇತುವೆ ಬಹಳ ಗಿಡ್ಡ, ಸುಮಾರು 2 ಆಂಗ್‌ಸ್ಟ್ರಾಮ್. ಡಿಎನ್‌ಎಯನ್ನೇ ಅಪ್ಪಿದ ಫ್ಯಾಕ್ಟರಿಗೆ ಅದು ಸಾಕು. ಪಿ300 ನಿಂತಿರುವುದು ಫ್ಯಾಕ್ಟರುಗಳ ಹೆಗಲ ಮೇಲೆ, ಅದನ್ನು ಅಲ್ಲಿಗೇ ಬಿಗಿಯಲು ಪ್ರೋಟೀನಿಗೆ ಪ್ರೋಟೀನನ್ನು ಕಟ್ಟುವ ಉದ್ದನೆಯ ಕೊಂಡಿ ಮೊದಲು ಬೇಕು. ಡಿಎಸ್‌ಜಿ ಎಂಬ ಕಾರಕದ ಕೊಂಡಿ 7.7 ಆಂಗ್‌ಸ್ಟ್ರಾಮ್ ಉದ್ದ. 2 ಮಿಲಿಮೋಲಾರ್ ಡಿಎಸ್‌ಜಿ 45 ನಿಮಿಷ, ಪಿಬಿಎಸ್‌ನಿಂದ ತೊಳೆದು, ನಂತರ 1 ಪ್ರತಿಶತ ಫಾರ್ಮಾಲ್ಡಿಹೈಡ್ 10 ನಿಮಿಷ, ಆಮೇಲೆ 125 ಮಿಲಿಮೋಲಾರ್ ಗ್ಲೈಸೀನ್ 5 ನಿಮಿಷ.

ಶಿರಸಿಯ ಜುಲೈಯಲ್ಲಿ ಡಿಎಸ್‌ಜಿ ಬಳಸುವವರು ಒಂದು ಮಾತು ನೆನಪಿಡಬೇಕು. ಅದರ ಎರಡೂ ತುದಿಯಲ್ಲಿರುವ ಎಸ್ಟರ್ ನೀರು ತಗುಲಿದರೆ ಒಡೆದುಹೋಗುತ್ತದೆ. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಪೆಟ್ಟಿಗೆಯಿಂದ ತೆಗೆದ ಸೀಸೆಯ ಮುಚ್ಚಳವನ್ನು ಕೂಡಲೇ ಬಿಚ್ಚಿದರೆ, ಹೊರಗಿನ ತೇವ ಒಳಗೋಡೆಯ ಮೇಲೆ ಮಂಜಿನ ಹಾಗೆ ಕೂರುವುದು ಕಣ್ಣಿಗೆ ಕಾಣುತ್ತದೆ. ಅಷ್ಟರಲ್ಲಿ ಪುಡಿ ಕೆಟ್ಟಿರುತ್ತದೆ, ನೋಡಲು ಮಾತ್ರ ಮೊದಲಿನ ಹಾಗೇ ಇರುತ್ತದೆ. ಎರಡನೇ ಸಲದ ಪ್ರಯೋಗ ಹಾಳಾದದ್ದು ಹೀಗೆ. ಮೂರನೇ ಸಲ ಸೀಸೆಯನ್ನು ಸಿಲಿಕಾ ಜೆಲ್ ಡಬ್ಬಿಯೊಳಗೇ ಒಂದು ಗಂಟೆ ಇಟ್ಟು, ಕೋಣೆಯ ಬಿಸಿಗೆ ಬಂದ ಮೇಲೆ ತೆರೆದು, ಡಿಎಂಎಸ್‌ಒದಲ್ಲಿ ಆಗಲೇ ಕರಗಿಸಿ, ಉಳಿದದ್ದನ್ನು ಚೆಲ್ಲಿದರು. ಕೋಶಗಳನ್ನು ಟ್ರಿಸ್ ಬಫರಿನಲ್ಲಿ ತೊಳೆಯಲೂ ಬಾರದು, ಟ್ರಿಸ್‌ನ ಅಮೀನ್ ಡಿಎಸ್‌ಜಿಯನ್ನು ತಾನೇ ತಿಂದುಬಿಡುತ್ತದೆ.

ಧ್ವನಿತರಂಗದಿಂದ ಒಡೆದ ಕ್ರೊಮಾಟಿನ್ 200ರಿಂದ 500 ಬೇಸ್ ಜೋಡಿಗೆ ಬಂದದ್ದನ್ನು 1.5 ಪ್ರತಿಶತ ಅಗರೋಸ್ ಜೆಲ್‌ನಲ್ಲಿ ಖಾತ್ರಿ ಮಾಡಿಕೊಂಡರು. ಡಿಎಸ್‌ಜಿ ಬಿಗಿದ ಕ್ರೊಮಾಟಿನ್ ಒಡೆಯಲು ಹೆಚ್ಚು ಹೊತ್ತು ಬೇಕಾಯಿತು. ಪ್ರತಿಕಾಯ 4 ಮೈಕ್ರೋಗ್ರಾಂ, 4 ಡಿಗ್ರಿಯಲ್ಲಿ ರಾತ್ರಿಯಿಡೀ, ಮರುದಿನ ಕಾಂತದ ಮಣಿಗಳು, 150 ಮತ್ತು 500 ಮಿಲಿಮೋಲಾರ್ ಉಪ್ಪಿನ ತೊಳೆತ, ಲಿಥಿಯಂ ಕ್ಲೋರೈಡ್ ತೊಳೆತ, 65 ಡಿಗ್ರಿಯಲ್ಲಿ ಕೊಂಡಿ ಬಿಡಿಸುವುದು. ಈ ಭಾಗ ಎಲ್ಲ ಕಡೆ ಮಾಡುವ ಹಾಗೇ.

ಫಲಿತಾಂಶ ಚೆನ್ನಾಗಿಯೇ ಬಂತು. ಪಿ300 ಪ್ರತಿಕಾಯದಲ್ಲಿ ಪ್ರೊಮೋಟರ್ ತುಣುಕು ಇನ್‌ಪುಟ್‌ನ (ಆಯ್ಕೆಗೆ ಮೊದಲಿನ ಒಟ್ಟು ಡಿಎನ್‌ಎಯ) 0.6 ಪ್ರತಿಶತ, ಹೋಲಿಕೆಗೆ ಇಟ್ಟ ಸಂಬಂಧವಿಲ್ಲದ ಐಜಿಜಿ ಪ್ರತಿಕಾಯದಲ್ಲಿ 0.05 ಪ್ರತಿಶತ. ಪಿ300 ಬಂದಿದೆ, ಜೀನ್ ಎದ್ದಿಲ್ಲ ಎಂದು ಎಲ್ಲರೂ ಒಪ್ಪಿದರು.

ಇನ್‌ಪುಟ್‌ನ ಸಾಲು

ಗಂಟು ಬಿಚ್ಚಿದ್ದು ಪ್ರತಿಶತ ಲೆಕ್ಕದ ಹಾಳೆಯನ್ನು ಇನ್ನೊಮ್ಮೆ ಟೈಪು ಮಾಡುತ್ತಿದ್ದ ವಿದ್ಯಾರ್ಥಿನಿ. ಪ್ರತಿಶತಕ್ಕೆ ಇಳಿಸಿದ ಮೇಲೆ ಹಸಿ ಅಂಕಿಗಳನ್ನು ಯಾರೂ ತಿರುಗಿ ನೋಡಿರಲಿಲ್ಲ. "ಮೇಡಂ, ಇನ್‌ಪುಟ್ ಇದೊಂದಕ್ಕೆ ಮಾತ್ರ ಇಷ್ಟು ಬೇಗ ಯಾಕೆ ಏರಿದೆ?" ಎಂದು ಆಕೆ ಕೇಳಿದ್ದು.

ಪ್ರತಿಕಾಯ ಹಾಕುವ ಮೊದಲೇ ತೆಗೆದಿಟ್ಟ 1 ಪ್ರತಿಶತ ಕ್ರೊಮಾಟಿನ್‌ನಲ್ಲಿ ಬೀಟಾ-ಗ್ಲೋಬಿನ್ ಜೀನಿನ ಸಿಟಿ ಮೌಲ್ಯ, ಅಂದರೆ ಗೆರೆ ಏರಿದ ಸುತ್ತಿನ ಸಂಖ್ಯೆ, 25. ಇಂಟರ್‌ಫೆರಾನ್-ಬೀಟಾ ಪ್ರೊಮೋಟರಿನದು 16. ಇನ್‌ಪುಟ್ ಎಂದರೆ ಆಯ್ಕೆ ಮಾಡದ ಒಟ್ಟು ಡಿಎನ್‌ಎ. ಅದರಲ್ಲಿ ಎರಡೂ ಜೀನ್‌ಗಳು ಸಮನಾಗಿರಬೇಕು, ಪ್ರೈಮರ್ ಸಾಮರ್ಥ್ಯದ ಅಂತರ ಹಿಡಿದರೂ ಒಂದು ಸುತ್ತು ಆಚೀಚೆ. ಇಲ್ಲಿ ಒಂಬತ್ತು ಸುತ್ತಿನ ಅಂತರ, ಅಂದರೆ 512 ಪಟ್ಟು. ಬೀಟಾ-ಗ್ಲೋಬಿನ್ ಕೋಶಕ್ಕೆ ಎರಡು ಪ್ರತಿ ಎಂದು ಹಿಡಿದರೆ ಈ ಪ್ರೊಮೋಟರ್ ಕೋಶಕ್ಕೆ ಸಾವಿರದಷ್ಟು ಪ್ರತಿ ಇದ್ದ ಲೆಕ್ಕ. ಯಾವ ಕೋಶದ ಜೀನೋಮಿನಲ್ಲೂ ಅಷ್ಟಿಲ್ಲ.

ಆ ಸಾವಿರ ಬಂದದ್ದು ಪ್ಲಾಸ್ಮಿಡಿನಿಂದ. ಲೆಕ್ಕ ಹೀಗೆ: 5.5 ಕಿಲೋಬೇಸ್‌ನ ಪ್ಲಾಸ್ಮಿಡ್ 5 ಮೈಕ್ರೋಗ್ರಾಂ ಎಂದರೆ ಸುಮಾರು 84,000 ಕೋಟಿ ಪ್ರತಿ. ಒಂದು ಕೋಟಿ ಕೋಶಕ್ಕೆ ಹಂಚಿದರೆ ತಲೆಗೆ 84,000. ಅದರಲ್ಲಿ ನೂರಕ್ಕೊಂದು ಉಳಿದು ಇನ್‌ಪುಟ್ ಸೇರಿದರೂ ಸಾವಿರಕ್ಕೆ ಹತ್ತಿರ ಬರುತ್ತದೆ. ಚಿಪ್ ಪ್ರೈಮರುಗಳೆರಡೂ −125ರ ಈಚೆಯೇ ಇದ್ದುದರಿಂದ ಪ್ಲಾಸ್ಮಿಡಿಗೂ ಜೀನೋಮಿಗೂ ವ್ಯತ್ಯಾಸ ಅವಕ್ಕೆ ತಿಳಿಯುವಂತಿರಲಿಲ್ಲ. ಪಿ300 ಬಂದು ಕೂತದ್ದು ಸುಳ್ಳಲ್ಲ, ಕೂತದ್ದು ಪ್ಲಾಸ್ಮಿಡಿನ ಮೇಲೆ.

ಹಾಗಾದರೆ ಜೀನೋಮಿನ ಪ್ರತಿಯ ಮೇಲೆ ಏನಾಗುತ್ತಿದೆ? ಪ್ಲಾಸ್ಮಿಡ್ ಹಾಕದ ವೆರೋ ಕೋಶಗಳ ಡಿಎನ್‌ಎ ತೆಗೆದು ಅವೇ ಪ್ರೈಮರುಗಳಲ್ಲಿ ಓಡಿಸಿದರು. ಪ್ರೊಮೋಟರ್ ಏರಲಿಲ್ಲ. ಜೀನಿನಲ್ಲಿ ಇಂಟ್ರಾನ್ ಇಲ್ಲದ ಕಾರಣ ಎಂಆರ್‌ಎನ್‌ಎಗೆ ಬಳಸಿದ ಪ್ರೈಮರೇ ಜೀನೋಮಿನ ಡಿಎನ್‌ಎ ಮೇಲೂ ಕೆಲಸ ಮಾಡಬೇಕು. ಎರಡೂ ಜೋಡಿ ಹಾಕಿ ನೋಡಿದರು, ಏರಲಿಲ್ಲ. ಪಕ್ಕದ ಗುಳಿಯಲ್ಲಿ ಮನುಷ್ಯರ ಎ549 ಕೋಶದ ಡಿಎನ್‌ಎ 24ಕ್ಕೆ ಏರಿತು. ಜೆಲ್ ಮೇಲೆ ಹಾಕಿದಾಗ ಎ549ರ ಸಾಲಿನಲ್ಲಿ ಒಂದು ದಪ್ಪ ಪಟ್ಟೆ, ವೆರೋದ ಸಾಲು ಖಾಲಿ. ಅದೇ ವೆರೋ ಡಿಎನ್‌ಎಯಲ್ಲಿ ಬೀಟಾ-ಗ್ಲೋಬಿನ್ ಪಟ್ಟೆ ಸರಿಯಾಗಿಯೇ ಇತ್ತು.

ವೆರೋ ಕೋಶಕ್ಕೆ ಇಂಟರ್‌ಫೆರಾನ್-ಬೀಟಾ ಜೀನೇ ಇಲ್ಲ.

ಇದು ಹೊಸ ಸಂಗತಿಯೂ ಅಲ್ಲ. ವೆರೋ ಸಂತತಿಯನ್ನು 1962ರಲ್ಲಿ ಜಪಾನಿನ ಚಿಬಾ ವಿಶ್ವವಿದ್ಯಾಲಯದಲ್ಲಿ ಯಸುಮುರಾ ಮತ್ತು ಕವಾಕಿತಾ ಶುರು ಮಾಡಿದರು. ಅದು ಇಂಟರ್‌ಫೆರಾನ್ ತಯಾರಿಸುವುದಿಲ್ಲ ಎಂಬುದು 1968ರಲ್ಲೇ ವರದಿಯಾಗಿತ್ತು. 2014ರಲ್ಲಿ ಅದರ ಪೂರ್ತಿ ಜೀನೋಮ್ ಓದಿದಾಗ 12ನೇ ಕ್ರೋಮೋಸೋಮಿನ ಎರಡೂ ಪ್ರತಿಗಳಲ್ಲಿ ಸುಮಾರು 90 ಲಕ್ಷ ಬೇಸ್ ಜೋಡಿ ಕಳಚಿಹೋಗಿರುವುದು ಕಂಡಿತು, ಟೈಪ್-1 ಇಂಟರ್‌ಫೆರಾನ್ ಜೀನ್‌ಗಳ ಗುಂಪು ಅದರೊಂದಿಗೇ ಹೋಗಿದೆ. ಎಚ್ಚರಿಕೆಯ ಗಂಟೆ ಇಲ್ಲದ ಮನೆಯಾದ್ದರಿಂದಲೇ ವೈರಾಣು ಅಲ್ಲಿ ಹುಲುಸಾಗಿ ಬೆಳೆಯುತ್ತದೆ, ವೈರಾಣು ಬೆಳೆಸುವವರು ಅದನ್ನು ಮೆಚ್ಚುವುದೂ ಅದಕ್ಕೇ. ಯಾವ ಗುಣಕ್ಕಾಗಿ ವೆರೋ ಪ್ರಸಿದ್ಧವೋ ಅದೇ ಗುಣ ಈ ಪ್ರಶ್ನೆಗೆ ಅದನ್ನು ಅಯೋಗ್ಯ ಮಾಡಿತ್ತು.

ಜೀನ್ ಇಲ್ಲ ಎಂದಷ್ಟಕ್ಕೆ ಬಿಡದೆ ತಂಡ ಇನ್ನೊಂದು ಪರೀಕ್ಷೆ ಮಾಡಿದ್ದು ಮೆಚ್ಚತಕ್ಕದ್ದು. ಕೋಆಕ್ಟಿವೇಟರ್ ಊಹೆ ತಪ್ಪು ಎಂದು ಬೇರೆಯಾಗಿ ತೋರಿಸಬೇಕಿತ್ತು. ಐಎಫ್‌ಐಟಿ1 ಎಂಬ ಜೀನನ್ನು ಐಆರ್‌ಎಫ್3 ಇಂಟರ್‌ಫೆರಾನಿನ ಹಂಗಿಲ್ಲದೆ ನೇರವಾಗಿ ಎಬ್ಬಿಸಬಲ್ಲದು. ಪಾಲಿ ಐಸಿ ಕೊಟ್ಟ ವೆರೋದಲ್ಲಿ ಅದರ ಎಂಆರ್‌ಎನ್‌ಎ ಆರು ಗಂಟೆಗೆ ಏಳು ಸುತ್ತು ಮೊದಲೇ ಏರಿತು, 128 ಪಟ್ಟು. ಅದು ಜೀನೋಮಿನಲ್ಲೇ, ನ್ಯೂಕ್ಲಿಯೋಸೋಮುಗಳ ನಡುವೆಯೇ ಇರುವ ಜೀನ್. ಅಂದಮೇಲೆ ವೆರೋದಲ್ಲಿ ರಿಗ್-ಐಯಿಂದ ಐಆರ್‌ಎಫ್3ರವರೆಗಿನ ದಾರಿ ಸರಿಯಿದೆ, ಕ್ರೊಮಾಟಿನ್ ತೆರೆಯುವ ವ್ಯವಸ್ಥೆಯೂ ಸರಿಯಿದೆ. ಹೊರಗಿನಿಂದ ಇಂಟರ್‌ಫೆರಾನ್ ಕೊಟ್ಟಾಗಲೂ ಕೋಶ ಸ್ಪಂದಿಸಿತು, ಅದರ ರಿಸೆಪ್ಟರುಗಳು ಉಳಿದಿವೆ.

ಎ549ರಲ್ಲಿ ಮತ್ತೆ

ಮನುಷ್ಯರ ಶ್ವಾಸಕೋಶದ ಎ549 ಕೋಶಗಳಲ್ಲಿ, ಪ್ಲಾಸ್ಮಿಡ್ ಹಾಕದೆ, ಎಲ್ಲವನ್ನೂ ಮೊದಲಿನಿಂದ ಮಾಡಿದರು. ಪಾಲಿ ಐಸಿಗೆ ಮೊದಲು ಇಂಟರ್‌ಫೆರಾನ್-ಬೀಟಾದ ಸಿಟಿ 34, ಆರು ಗಂಟೆಗೆ 23. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಇಲ್ಲದ ಗುಳಿ ಖಾಲಿಯಾಗಿಯೇ ಉಳಿಯಿತು.

ಚಿಪ್‌ಗೆ ಹೊಸ ಪ್ರೈಮರ್ ಜೋಡಿ ಬಂತು. ಒಂದು −210ರ ಹತ್ತಿರ, ಇನ್ನೊಂದು −90ರ ಹತ್ತಿರ. ಮೊದಲನೆಯದು ಪ್ಲಾಸ್ಮಿಡಿನಲ್ಲಿರುವ ಭಾಗದ ಹೊರಗೆ ಬೀಳುವುದರಿಂದ ಮುಂದೆ ಯಾರಾದರೂ ಪ್ಲಾಸ್ಮಿಡ್ ಹಾಕಿದ ಕೋಶದಲ್ಲಿ ಚಿಪ್ ಮಾಡಿದರೂ ಜೀನೋಮಿನ ತುಣುಕು ಮಾತ್ರ ಬೆಳೆಯುತ್ತದೆ. ಬ್ಯಾಕ್ಟೀರಿಯದಲ್ಲಿ ಬೆಳೆಸಿದ ಪ್ಲಾಸ್ಮಿಡನ್ನು ಡಿಪಿಎನ್-1 ಕಿಣ್ವದಿಂದ ಕತ್ತರಿಸಿ ತೆಗೆಯುವ ಉಪಾಯವೂ ಇದೆ. ಅಳೆಯುವ ತುಣುಕಿನೊಳಗೆ ಜಿಎಟಿಸಿ ಎಂಬ ಅಕ್ಷರಗಳಿದ್ದರೆ ಮಾತ್ರ ಅದರಿಂದ ಉಪಯೋಗ, ಮೊದಲು ಅನುಕ್ರಮ ನೋಡಿಕೊಳ್ಳಬೇಕು.

ಈ ಸಲ ಇನ್‌ಪುಟ್ 25ಕ್ಕೆ ಏರಿತು, ಬೀಟಾ-ಗ್ಲೋಬಿನ್ ಸಮಕ್ಕೇ. ಪಿ300 ನಾಲ್ಕು ಗಂಟೆಗೆ 0.3 ಪ್ರತಿಶತ, ಐಜಿಜಿ 0.04. ವೆರೋದ 0.6 ನೋಡಿದವರಿಗೆ ಇದು ಅರ್ಧಕ್ಕಿಳಿದ ಹಾಗೆ ಕಂಡಿತು, ಆದರೆ ಆ ಎರಡು ಅಂಕಿಗಳನ್ನು ಹೋಲಿಸುವುದೇ ಸಲ್ಲ. ಇಂಟರ್‌ಫೆರಾನ್-ಬೀಟಾ ಜೀನ್ ತಟ್ಟೆಯ ಎಲ್ಲ ಕೋಶಗಳಲ್ಲೂ ಏಳುವುದಿಲ್ಲ, ಕೆಲವು ಕೋಶಗಳಲ್ಲಿ ಮಾತ್ರ, ಅದೂ ಕೆಲವು ಸಲ ಎರಡು ಪ್ರತಿಗಳಲ್ಲಿ ಒಂದರಿಂದ ಮಾತ್ರ. ಚಿಪ್ ಕೊಡುವುದು ಒಂದು ಕೋಟಿ ಕೋಶಗಳ ಸರಾಸರಿ. ಹತ್ತರಲ್ಲಿ ಒಂದು ಕೋಶದಲ್ಲಿ ಪಿ300 ಗಟ್ಟಿಯಾಗಿ ಕೂತಿದ್ದರೂ ಹಾಳೆಯ ಮೇಲೆ ಸಣ್ಣ ಅಂಕಿಯೇ ಬರುತ್ತದೆ.

ಪಿ300 ಜತೆಗೆ ಸಿಬಿಪಿ ಪ್ರತಿಕಾಯದಲ್ಲೂ ನೋಡುವುದು ಒಳ್ಳೆಯದು. ಒಂದರ ಕೆಲಸವನ್ನು ಇನ್ನೊಂದು ಬಹುಮಟ್ಟಿಗೆ ಮಾಡಬಲ್ಲದು, ಒಂದರ ಮೇಲಷ್ಟೇ ಕಣ್ಣಿಟ್ಟರೆ ಯಾರೂ ಬಂದಿಲ್ಲ ಎಂಬ ತಪ್ಪು ತೀರ್ಮಾನಕ್ಕೆ ಬರುವ ಅಪಾಯವಿದೆ. ಅವು ಬಿಟ್ಟುಹೋಗುವ ಗುರುತಾದ ಹಿಸ್ಟೋನ್ ಎಚ್3ರ 27ನೇ ಲೈಸೀನ್ ಅಸಿಟೈಲನ್ನು ಅಳೆಯುವಾಗ ಒಟ್ಟು ಎಚ್3ರಿಂದ ಭಾಗಿಸಬೇಕು. ಈ ಜೀನ್ ಏಳುವಾಗ ನ್ಯೂಕ್ಲಿಯೋಸೋಮೇ ಜಾರುತ್ತದೆ. ಭಾಗಿಸದೆ ಬಿಟ್ಟರೆ, ಹಿಸ್ಟೋನ್ ಸರಿದು ಹೋದದ್ದು ಅಸಿಟೈಲ್ ಇಳಿದ ಹಾಗೆ ಕಾಣುತ್ತದೆ.

ವೆರೋ ಸೀಸೆಗಳನ್ನು ಎಸೆಯಲಿಲ್ಲ. ಇಂಟರ್‌ಫೆರಾನ್ ಕೊಟ್ಟ ನಂತರದ ಸಂಕೇತವನ್ನು ವೈರಾಣು ಪ್ರೋಟೀನುಗಳು ಹೇಗೆ ತಡೆಯುತ್ತವೆ ಎಂದು ನೋಡಲು ಅವೇ ಹೆಚ್ಚು ಸೂಕ್ತ, ಏಕೆಂದರೆ ಕೋಶ ತಾನೇ ಇಂಟರ್‌ಫೆರಾನ್ ಸುರಿಸಿ ಲೆಕ್ಕ ಕೆಡಿಸುವುದಿಲ್ಲ. ಮಂಗನ ಕಾಯಿಲೆಯ ವೈರಾಣುವಿನ ಬಳಗಕ್ಕೇ ಸೇರಿದ, ಉಣುಗಿನಿಂದಲೇ ಹರಡುವ ಲಂಗಾಟ್ ವೈರಾಣುವಿನ ಎನ್‌ಎಸ್5 ಪ್ರೋಟೀನು ಹಾಗೆ ತಡೆಯುತ್ತದೆಂದು ಗೊತ್ತಿದೆ. ದ್ರವ ಸಾರಜನಕದ ಡಬ್ಬಿಯಲ್ಲಿ ಆ ಸೀಸೆಗಳ ಸಾಲಿಗೆ ಈಗ ಹೊಸ ಚೀಟಿ ಅಂಟಿಸಿದ್ದಾರೆ: "ವೆರೋ. ಇಂಟರ್‌ಫೆರಾನ್ ಜೀನ್ ಇಲ್ಲ, ರಿಸೆಪ್ಟರ್ ಇದೆ." ಚಿಪ್ ಲೆಕ್ಕದ ಹಾಳೆಯಲ್ಲಿ ಪ್ರತಿಶತದ ಅಂಕಣಕ್ಕಿಂತ ಮೊದಲು ಇನ್‌ಪುಟ್‌ನ ಹಸಿ ಸಿಟಿಗೊಂದು ಅಂಕಣ ಬಂದಿದೆ, ಬೀಟಾ-ಗ್ಲೋಬಿನ್‌ನಿಂದ ಒಂದೂವರೆ ಸುತ್ತಿಗಿಂತ ಹೆಚ್ಚು ದೂರವಿದ್ದರೆ ಆ ಚೌಕ ಕೆಂಪಾಗುತ್ತದೆ.